ಅಂತರದ ಲೆಕ್ಕ ತಾಯಿಯೊಬ್ಬಳಿಗೇ ಏಕೆ?

ನಮ್ಮ ಕೆಥೊಲಿಕ್ ಬಾಂಧವರ ಸಮಾರಂಭಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. "ಹಿಂದೆ ಮನೆ ತುಂಬ ಮಕ್ಕಳಿದ್ದರು, ಈಗಿನವರಿಗೆ ಒಂದೆರಡೇ ಭಾರ" ಎಂದು ಹಿರಿಯರು ಹಳಹಳಿಸುತ್ತಾರೆ. 1960ರ ದಶಕದಲ್ಲಿ ಕುರ್ಲಾದ ಚಾಳೊಂದರ ಒಂದೇ ಖೋಲಿಯಲ್ಲಿ, ಎಂಟು ಮಕ್ಕಳಲ್ಲಿ ಮೂರನೆಯವನಾಗಿ ಬೆಳೆದ ನಾನು ಇದಕ್ಕೆ ಉತ್ತರ ಹೇಳಲೇಬೇಕಾಗಿದೆ.

ಮನೆ ತುಂಬ ಮಕ್ಕಳಿದ್ದುದು ನಿಜ. ಆ ಮನೆಯ ನಗುವೂ ಸುಳ್ಳಲ್ಲ. ಆದರೆ ನಾವು ಎಂಟೂ ಮಂದಿ ಹನ್ನೆರಡು ವರ್ಷಗಳೊಳಗೆ ಹುಟ್ಟಿದವರು. ಒಂದು ಕೂಸು ತೊಟ್ಟಿಲಿನಿಂದ ಇಳಿಯುವ ಮುನ್ನವೇ ಇನ್ನೊಂದು ಬರುತ್ತಿತ್ತು. ನಳದ ನೀರಿಗಾಗಿ ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದ ಅಮ್ಮ ಮೂವತ್ತೈದಕ್ಕೇ ಮುದುಕಿಯಂತಾದರು. ಅಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟಳು. ಅವಳ ಕಂಕುಳಲ್ಲಿ ಸದಾ ಒಂದು ಮಗು. ನಾನು ಓದಿ ನೌಕರಿ ಹಿಡಿದದ್ದು ಅವಳ ಓದನ್ನು ಬಲಿಕೊಟ್ಟು. ಇದನ್ನು ಯಾವ ಭಾಷಣಕಾರರೂ ಹೇಳುವುದಿಲ್ಲ.

"ಅದು ಧರ್ಮದ ಆಜ್ಞೆ" ಎನ್ನುವವರಿದ್ದಾರೆ. 1968ರಲ್ಲಿ ಪೋಪ್ ಆರನೆಯ ಪೌಲರ 'ಹುಮಾನೆ ವೀತೆ' ವಿಶ್ವಪತ್ರ ಕೃತಕ ಸಾಧನಗಳನ್ನು ನಿಷೇಧಿಸಿತು, ಸರಿ. ಸಕಾರಣವಿದ್ದರೆ ಹೆಣ್ಣಿನ ಋತುಚಕ್ರವನ್ನು ಅನುಸರಿಸಿ ಹೆರಿಗೆಗಳ ನಡುವೆ ಅಂತರವಿಡಬಹುದೆಂದೂ ಅದೇ ಪತ್ರ ಹೇಳಿತು. ಒಳ್ಳೆಯ ಕೆಥೊಲಿಕರಾಗಲು ಮೊಲಗಳಂತೆ ಹೆರಬೇಕಿಲ್ಲವೆಂದು 2015ರಲ್ಲಿ ಪೋಪ್ ಫ್ರಾನ್ಸಿಸರು ಇನ್ನೂ ಬಿಡಿಸಿ ಹೇಳಿದರು. ಎಂದಮೇಲೆ ಅಂತರವಿಡುವುದು ಪಾಪವಲ್ಲ. ಹೇಗೆ ಎಂಬುದಷ್ಟೇ ಚರ್ಚೆ.

ಆ 'ಹೇಗೆ' ಎಂಬಲ್ಲೇ ನಮ್ಮ ಗಂಡಸರ ಬಣ್ಣ ಬಯಲಾಗುತ್ತದೆ. ಋತುಚಕ್ರದ ಕ್ರಮವೆಂದರೆ ತಿಂಗಳಲ್ಲಿ ಹಲವು ದಿನ ಗಂಡ ದೂರವಿರಬೇಕು. 1950ರ ದಶಕದ ಆರಂಭದಲ್ಲಿ, ರಾಜಕುಮಾರಿ ಅಮೃತ್ ಕೌರ್ ಕೇಂದ್ರ ಆರೋಗ್ಯ ಸಚಿವೆಯಾಗಿದ್ದಾಗ, ನಮ್ಮ ರಾಮನಗರದಲ್ಲೂ ದೆಹಲಿಯ ಲೋದಿ ಕಾಲನಿಯಲ್ಲೂ ಇದೇ ಕ್ರಮದ ಪ್ರಯೋಗ ನಡೆಯಿತು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ಫಲ ಹೇಳಿಕೊಳ್ಳುವಂತಿರಲಿಲ್ಲ. ಮಣಿ ಎಣಿಸುವವಳಿಗೆ 'ಇಂದು ಬೇಡ' ಎನ್ನುವ ಅಧಿಕಾರವಿಲ್ಲದಿದ್ದರೆ ಯಾವ ಸರ ತಾನೆ ಏನು ಮಾಡೀತು?

ಧರ್ಮಸಭೆಯ ಕ್ರಮವನ್ನು ಬಿಟ್ಟವರಲ್ಲೂ ಕಥೆ ಬೇರೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತೆಯರಲ್ಲಿ ನೂರಕ್ಕೆ ಸುಮಾರು 38 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ನೂರಕ್ಕೆ ಒಂದೂ ಇಲ್ಲ!

ಹಿಂದೆ ಗಂಡ ಮುಂಬಯಿಯಲ್ಲಿ, ಬಾಣಂತಿ ಊರಿನ ತವರಿನಲ್ಲಿ. ಆ ದೂರವೇ ಒಂದಿಷ್ಟು ಅಂತರ ತರುತ್ತಿತ್ತು. ಸಂಸಾರವೇ ಪಟ್ಟಣಕ್ಕೆ ಬಂದಮೇಲೆ ಆ ಆಸರೆಯೂ ತಪ್ಪಿತು. ಮಗುವಿಗೆ ಬರಿಯ ಎದೆಹಾಲನ್ನೇ ಕೊಡುವ ತಾಯಿಗೆ, ಮುಟ್ಟು ಮರಳದಿದ್ದರೆ, ಮೊದಲ ಆರು ತಿಂಗಳು ಗರ್ಭ ನಿಲ್ಲುವುದು ಅಪರೂಪ. ಆಮೇಲೆ ಆ ಭರವಸೆ ಸಲ್ಲದು. ಹೆರಿಗೆಯಿಂದ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳ ಬಿಡುವಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದ ಹದಿನೆಂಟು ತಿಂಗಳು ಯಾರ ಹೊಣೆ?

2021ರಲ್ಲಿ ಕೇರಳದ ಪಾಲಾ ಧರ್ಮಪ್ರಾಂತ್ಯ ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ತಿಂಗಳಿಗೆ 1,500 ರೂಪಾಯಿ ನೆರವು ಪ್ರಕಟಿಸಿತು. ಬರಿಯ ಹೊಗಳಿಕೆಗಿಂತ ಅದು ಮೇಲೆಂದು ಒಪ್ಪುತ್ತೇನೆ. ಆದರೆ ದಿನಕ್ಕೆ 50 ರೂಪಾಯಿ ಐದು ಮಕ್ಕಳ ಹಾಲಿಗೂ ಸಾಲದು. ಸವೆದ ತಾಯಿಗೆ ಒಂದು ರಾತ್ರಿಯ ನಿದ್ದೆಯನ್ನೂ ಅದು ತಂದುಕೊಡದು.

ದೊಡ್ಡ ಸಂಸಾರವನ್ನು ನಾನು ಹಳಿಯುತ್ತಿಲ್ಲ. ಬೇಕೆನ್ನುವ ದಂಪತಿಗಳಿಗೆ ಹತ್ತು ಮಕ್ಕಳಾಗಲಿ. ಆದರೆ ಅದು ಇಬ್ಬರೂ ಕೂಡಿ ಮಾಡಿದ ನಿರ್ಧಾರವಾಗಿರಬೇಕು. ಇಗರ್ಜಿಯ ಮದುವೆ ಪೂರ್ವ ತರಬೇತಿಯಲ್ಲಿ ಋತುಚಕ್ರದ ಪಾಠವನ್ನು ಮೊದಲು ವರನಿಗೆ ಕಲಿಸಲಿ. ನಮ್ಮ ಸಂಘವೂ ವರ್ಷಕ್ಕೊಮ್ಮೆ ವೈದ್ಯರನ್ನು ಕರೆಸಿ, ದಂಪತಿಗಳನ್ನು ಜೊತೆಯಾಗಿ ಕೂರಿಸಲಿ. ಅದಕ್ಕೆ ನಾಚಿಕೆಪಡುವ ಗಂಡಸರು ಇನ್ನು ಮೇಲೆ ವೇದಿಕೆ ಹತ್ತಿ ತುಂಬಿದ ಮನೆಯ ಗುಣಗಾನ ಮಾಡದಿರಲಿ.

ಮಾಡಲೇಬೇಕೆಂದಿದ್ದರೆ, ಮೊದಲು ತಮ್ಮ ಹಿರಿಯಕ್ಕನನ್ನು ಒಂದು ಮಾತು ಕೇಳಿ ಬರಲಿ.