ಗೆರೆಯು ವೃತ್ತವನ್ನು ಮುಟ್ಟಿತೇ, ಕತ್ತರಿಸಿತೇ?

ಅಥಣಿ, ಕಾಗವಾಡ, ರಾಯಬಾಗಗಳ ಕೃಷ್ಣಾತೀರದ ಎರೆಭೂಮಿಯಲ್ಲಿ ಕಬ್ಬು ಹೇರಿ ನಿಂತ ಚಕ್ಕಡಿಯೊಂದನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಮರದ ಗಾಲಿಯ ಚಕ್ಕಡಿ ಈಗ ಅಪರೂಪವಾಗಿದ್ದರೂ ಚಿಕ್ಕೋಡಿ, ನಿಪ್ಪಾಣಿಗಳ ವಿದ್ಯಾರ್ಥಿಗಳಿಗೆ ಅದು ಅಪರಿಚಿತವಲ್ಲ. ಗಟ್ಟಿ ದಾರಿಯ ಮೇಲೆ ಗಾಲಿಯು ವೃತ್ತ, ನೆಲವು ಅದರ ಸ್ಪರ್ಶರೇಖೆ. ಅದೇ ಗಾಲಿ ಹಸಿ ಮಣ್ಣಿನಲ್ಲಿ ಒಂದೇ ಸೆಂಟಿಮೀಟರು ಹೂತಿತೆನ್ನೋಣ. ಆಗ ನೆಲಮಟ್ಟದ ಗೆರೆಯು ಗಾಲಿಯನ್ನು ಎರಡು ಕಡೆ ಕತ್ತರಿಸುವ ಛೇದಕವಾಯಿತು. ತ್ರಿಜ್ಯ 75 ಸೆಂಟಿಮೀಟರಿದ್ದರೆ ಆ ಎರಡು ಬಿಂದುಗಳ ನಡುವಣ ಅಂತರವೆಷ್ಟು? ಎರಡೋ ಮೂರೋ ಸೆಂಟಿಮೀಟರೆಂದು ಊಹಿಸುವವರೇ ಹೆಚ್ಚು. ಉತ್ತರವಾದರೋ 24 ಸೆಂಟಿಮೀಟರಿಗೂ ಮಿಗಿಲು!

ಕ್ರಿ.ಶ. 499ರ ಸುಮಾರಿನ 'ಆರ್ಯಭಟೀಯ'ದ ನಿಯಮವೇ ಈ ಲೆಕ್ಕಕ್ಕೆ ಸಾಕು. ಜ್ಯಾವು ತನಗೆ ಲಂಬವಾದ ವ್ಯಾಸವನ್ನು ಎರಡು ತುಂಡು ಮಾಡುತ್ತದೆ. ಆ ತುಂಡುಗಳೇ ಶರಗಳು. ಅವುಗಳ ಗುಣಲಬ್ಧವು ಅರ್ಧಜ್ಯಾದ ವರ್ಗಕ್ಕೆ ಸಮ. ಇಲ್ಲಿ ಶರಗಳು 1 ಮತ್ತು 149. 149ರ ವರ್ಗಮೂಲ ಸುಮಾರು 12.2, ಅದರ ಇಮ್ಮಡಿ 24.4.

ಕಾಗದದ ಮೇಲೂ ಇದೇ ಸಂಗತಿ. ತ್ರಿಜ್ಯ 5 ಸೆಂಟಿಮೀಟರಿನ ವೃತ್ತದ ಕೇಂದ್ರದಿಂದ 4.99 ಸೆಂಟಿಮೀಟರು ದೂರದಲ್ಲಿ ಒಂದು ಗೆರೆಯನ್ನೆಳೆಯಿರಿ. ವ್ಯತ್ಯಾಸವು ಪೆನ್ಸಿಲಿನ ಗೆರೆಯ ದಪ್ಪಕ್ಕಿಂತ ಕಡಿಮೆ. ಆದರೂ ಛೇದನಬಿಂದುಗಳ ನಡುವೆ 6 ಮಿಲಿಮೀಟರಿಗಿಂತ ಹೆಚ್ಚಿನ ಅಂತರವುಂಟು. ಆದುದರಿಂದ "ಚಿತ್ರದಲ್ಲಿ ಮುಟ್ಟಿದಂತೆ ಕಾಣುತ್ತದೆ" ಎಂಬುದು ಗಣಿತದಲ್ಲಿ ಸಾಕ್ಷ್ಯವೇ ಅಲ್ಲ.

ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮತ್ತೊಂದು ದಾರಿ ಹಿಡಿಯುತ್ತಾರೆ. ಗೆರೆಯ ಸಮೀಕರಣವನ್ನು ವೃತ್ತದ ಸಮೀಕರಣದಲ್ಲಿ ಆದೇಶಿಸಿ, ದೊರೆತ ವರ್ಗ ಸಮೀಕರಣದ ಶೋಧಕವು ಸೊನ್ನೆಯೇ ಎಂದು ನೋಡುತ್ತಾರೆ. ಕ್ರಮವು ನಿರ್ದುಷ್ಟವಾದುದೇ. ಆದರೆ ನಡುವೆ ಒಂದು ಚಿಹ್ನೆ ತಪ್ಪಿದರೆ ಎಚ್ಚರಿಸುವ ಯಾವ ಆಕೃತಿಯೂ ಮನಸ್ಸಿನಲ್ಲಿರುವುದಿಲ್ಲ. ವೃತ್ತದ ಮಟ್ಟಿಗೆ ಲಂಬದೂರವನ್ನೇ ಮೊದಲು ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಕೇಂದ್ರದಿಂದ ಗೆರೆಗೆ ಲಂಬವನ್ನಿಳಿಸಿದರೆ ಲಂಬದ ಪಾದವೇ ಗೆರೆಯಲ್ಲಿ ಕೇಂದ್ರಕ್ಕೆ ಅತಿ ಸಮೀಪದ ಬಿಂದು. ಅದು ವೃತ್ತದ ಮೇಲೆಯೇ ಇದ್ದರೆ ಉಳಿದೆಲ್ಲ ಬಿಂದುಗಳೂ ಹೊರಗುಳಿಯಲೇಬೇಕು. ಕಾರಣ ಕಣ್ಣಿಗೇ ಕಾಣುತ್ತದೆ, ಬಾಯಿಪಾಠದ ಅಗತ್ಯವಿಲ್ಲ.

ಮೂಲಬಿಂದುವೇ ಕೇಂದ್ರವಾಗಿ, ತ್ರಿಜ್ಯ 5 ಇರುವ ವೃತ್ತವನ್ನು ತೆಗೆದುಕೊಳ್ಳೋಣ. 3ಕ್ಷ + 4ಯ = 25 ಎಂಬ ಗೆರೆಯ ದೂರವನ್ನು ತಿಳಿಯಲು 25ನ್ನು 3 ಮತ್ತು 4ರ ವರ್ಗಗಳ ಮೊತ್ತದ ಮೂಲದಿಂದ, ಎಂದರೆ 5ರಿಂದ, ಭಾಗಿಸಬೇಕು. ಬಂದುದು 5, ಗೆರೆಯು ಸ್ಪರ್ಶರೇಖೆ. ಇನ್ನು ಕ್ಷ + ಯ = 7.07 ಎಂಬುದನ್ನು ನೋಡಿ. 2ರ ವರ್ಗಮೂಲವನ್ನು 1.414 ಎಂದು ಹಿಡಿದವನಿಗೆ ಭಾಗಲಬ್ಧ ಸರಿಯಾಗಿ 5 ಬರುತ್ತದೆ. ಅವನು ಸಂತೋಷದಿಂದ "ಸ್ಪರ್ಶರೇಖೆ" ಎಂದು ಬರೆಯುತ್ತಾನೆ. ಮೂಲವನ್ನು ತೆಗೆಯದೆ ವರ್ಗಗಳನ್ನೇ ಹೋಲಿಸಬೇಕಾಗಿತ್ತು: 7.07ರ ವರ್ಗ 49.9849, ಬೇಕಾದುದು 2 × 25, ಅಂದರೆ 50. ಗೆರೆಯು ವೃತ್ತವನ್ನು ಕತ್ತರಿಸುತ್ತದೆ.

ಶೋಧಕದ ಕ್ರಮವು ಪರವಲಯ, ದೀರ್ಘವೃತ್ತಗಳಿಗೂ ಒದಗುತ್ತದೆಯಲ್ಲವೇ ಎಂದು ಅಧ್ಯಾಪಕರು ಆಕ್ಷೇಪಿಸಬಹುದು. ನಿಜ. ಆ ವಕ್ರಗಳಿಗೆ ಒಂದೇ ಅಳತೆಯ ತ್ರಿಜ್ಯವಿಲ್ಲ. ಅಲ್ಲಿ ಅದನ್ನು ಅವಶ್ಯವಾಗಿ ಕಲಿಸಲಿ.