ಊರಿನ ಹೆಸರಿನಲ್ಲಿ ಉಳಿದ ನೀರು

ಮಾಗಡಿ ತಾಲ್ಲೂಕಿನಲ್ಲಿ ತಿಪ್ಪಸಂದ್ರವೆಂಬ ಊರಿದೆ; ಚನ್ನಪಟ್ಟಣ ತಾಲ್ಲೂಕಿನಲ್ಲಿ ನೀಲಸಂದ್ರ, ಅರಳಾಳುಸಂದ್ರಗಳಿವೆ. ಭೌತಶಾಸ್ತ್ರದ ವಿದ್ಯಾರ್ಥಿಗೆ 'ಸಂದ್ರ'ವೆಂದೊಡನೆ ಸಾಂದ್ರತೆಯ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇದು 'ಸಮುದ್ರ'ವೆಂಬ ಮಾತು ಜನರ ನಾಲಗೆಯ ಮೇಲೆ ಸವೆದು ಉಳಿದ ರೂಪ. ಕಡಲು ಇಲ್ಲಿಗೆ 200 ಕಿಲೋಮೀಟರಿಗಿಂತಲೂ ದೂರ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ಹೊಯ್ಸಳರ ರಾಜಧಾನಿ ದೋರಸಮುದ್ರವು ಅದಕ್ಕೆ ಪ್ರಸಿದ್ಧವಾದ ಸಾಕ್ಷಿ. ಇದು ಕೇವಲ ಹಳೆಯ ಕಾಲದ ಉತ್ಪ್ರೇಕ್ಷೆಯೆಂದು ನಗಬೇಕಾಗಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಗೆ ಕಟ್ಟಿದ ಜಲಾಶಯಕ್ಕೂ ಚಾಮರಾಜಸಾಗರವೆಂದೇ ಹೆಸರಾಯಿತು.

'ಕೆರೆ' ಎಂಬ ಮಾತೂ ಹಾಗೆಯೇ ವೇಷ ಬದಲಿಸುತ್ತದೆ. ಚನ್ನಪಟ್ಟಣದ ಚಕ್ಕೆರೆಯಲ್ಲಿ ಅದು ನೇರವಾಗಿ ಕಾಣುತ್ತದೆ. ತಗಚಗೆರೆಯಲ್ಲಿ ಕಕಾರವು ಗಕಾರವಾಗಿದೆ. ಹೈಸ್ಕೂಲಿನ ವ್ಯಾಕರಣದಲ್ಲಿ ಓದಿದ ಆದೇಶಸಂಧಿಯನ್ನು ಇಲ್ಲಿ ಬಸ್ಸಿನ ಫಲಕದ ಮೇಲೆಯೇ ಕಾಣಬಹುದು!

ಈ ಸೀಮೆಯ ಹೆಸರುಗಳಲ್ಲಿ ಕೆರೆ, ಕಟ್ಟೆ, ಕುಂಟೆಗಳಿಗೇ ಏಕೆ ಇಷ್ಟು ಪ್ರಾಧಾನ್ಯ? ಉತ್ತರವು ಭಾಷೆಯಲ್ಲಿಲ್ಲ, ಬಂಡೆಯಲ್ಲಿದೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಊರು ಆ ಹೆಸರನ್ನು ಬಿಟ್ಟರೂ ಭೂವಿಜ್ಞಾನಿಗಳು ಬಿಟ್ಟಿಲ್ಲ; ಇಲ್ಲಿನ ಕಲ್ಲು ಇಂದಿಗೂ ಜಗತ್ತಿನಾದ್ಯಂತ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಪ್ರಸಿದ್ಧವಾಗಿದೆ. ಸುಮಾರು 250 ಕೋಟಿ ವರ್ಷ ವಯಸ್ಸಿನ ಈ ಶಿಲೆಯು ತನ್ನೊಳಗೆ ನೀರನ್ನು ಹೀರಿಕೊಳ್ಳುವುದಿಲ್ಲ. ಮೇಲ್ಪದರದ ಶಿಥಿಲವಾದ ಭಾಗದಲ್ಲಿ ಹಾಗೂ ಬಿರುಕುಗಳಲ್ಲಿ ನಿಂತಷ್ಟೇ ಅಂತರ್ಜಲ. ಉಳಿದ ಮಳೆಯಲ್ಲಿ ಬಹುಪಾಲು ಇಳಿಜಾರಿನಲ್ಲಿ ಹರಿದುಹೋಗುತ್ತದೆ, ಇಲ್ಲವೆ ಆವಿಯಾಗುತ್ತದೆ. ಮಳೆಯೇನೂ ಅಲ್ಪವಲ್ಲ. ವರ್ಷದಲ್ಲಿ 800 ಮಿಲಿಮೀಟರ್ ಸುರಿಯಿತೆಂದು ಇಟ್ಟುಕೊಂಡರೆ, ಒಂದು ಚದರ ಕಿಲೋಮೀಟರಿನ ಮೇಲೆ ಬಿದ್ದ ನೀರು 8 ಲಕ್ಷ ಘನಮೀಟರ್. ಇದರಲ್ಲಿ ಹತ್ತನೆಯ ಒಂದು ಪಾಲನ್ನು ಏರಿ ಕಟ್ಟಿ ತಡೆದರೂ 8 ಕೋಟಿ ಲೀಟರ್ ದೊರೆಯುತ್ತದೆ. ತಡೆದವನಿಗೆ ಬೆಳೆ, ತಡೆಯದವನಿಗೆ ಒಣಹೊಲ. ಕೆರೆಯಿಲ್ಲದೆ ಬಾಳ್ವೆ ಕಷ್ಟವಾಗಿದ್ದ ಕಡೆ ಕೆರೆಯ ಹೆಸರೇ ಊರಿನ ಹೆಸರಾಗುವುದು ಸಹಜವಷ್ಟೆ.

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪವನ್ನು ಇದರೊಡನೆ ಹೋಲಿಸಿ ನೋಡೋಣ. ಅಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಆದರೆ ಅಲ್ಲಿನ ಕಲ್ಲು ಸುಣ್ಣಕಲ್ಲು. ಮಳೆಯ ನೀರು ಅದರೊಳಗೆ ಇಳಿದು, ಕೆಳಗಿನ ಜೇಡಿಪದರಕ್ಕೆ ತಾಗಿ, ಮುಂದೆ ಇಳಿಯಲಾರದೆ ಗುಡ್ಡದ ಪಕ್ಕದಲ್ಲಿ ಒರತೆಯಾಗಿ ಹೊರಬರುತ್ತದೆ. ಆದ್ದರಿಂದ ಅಲ್ಲಿನ ಸ್ಥಳನಾಮಗಳಲ್ಲಿ ಒರತೆಯೆಂಬರ್ಥದ 'ಐನ್', ಬಾವಿಯೆಂಬರ್ಥದ 'ಬಿರ್' ಎಂಬ ಮಾತುಗಳು ಮತ್ತೆಮತ್ತೆ ಬರುತ್ತವೆ. ಅಲ್ಲಿ ನೀರನ್ನು ಕಂಡುಕೊಂಡರು, ಇಲ್ಲಿ ಕಟ್ಟಿಕೊಂಡರು. ಈ ಭೇದವು ಎರಡು ಕಡೆಯ ಹೆಸರುಗಳಲ್ಲಿಯೂ ನಿಂತಿದೆ.

ಹೀಗೆಂದು ಪ್ರತಿಯೊಂದು ಹೆಸರಿನಲ್ಲಿಯೂ ನೀರನ್ನು ಹಿಂಡಲು ಹೊರಡುವುದು ಸರಿಯಲ್ಲ. ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯನ್ನು ತೆಗೆದುಕೊಳ್ಳಿರಿ. ಕೋಡಿಯೆಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹರಿಯುವ ಸ್ಥಳ. ಕೋಡು ಎಂದರೆ ಬೆಟ್ಟದ ಶಿಖರವೂ ಹೌದು. ಆ ತಾಲ್ಲೂಕಿನಲ್ಲಿ ಬೆಟ್ಟಗಳಿಗೇನೂ ಕೊರತೆಯಿಲ್ಲ. ನಿಘಂಟು ಎರಡನ್ನೂ ಒಪ್ಪುತ್ತದೆ. ಸ್ಥಳವನ್ನು ನೋಡದೆ ತೀರ್ಪು ಕೊಡುವುದು ವಿಜ್ಞಾನವಲ್ಲ. ಇನ್ನು ನಗರ, ಪಟ್ಟಣ, ಪುರ ಎಂದು ಮುಗಿಯುವ ತಾಲ್ಲೂಕು ಕೇಂದ್ರಗಳ ಹೆಸರುಗಳಲ್ಲಿ ನೀರಿನ ಸುಳಿವೇ ಇಲ್ಲ. ದೊಡ್ಡ ಊರುಗಳಿಗೆ ದೇವರೂ ದೊರೆಗಳೂ ಹೆಸರು ಕೊಡುತ್ತಾರೆ. ಸಣ್ಣ ಊರುಗಳಿಗೆ ಕೆರೆಯೂ ಗಿಡವೂ ದನದ ದೊಡ್ಡಿಯೂ ಸಾಕು.

ದೊಡ್ಡ ಹೆಸರುಗಳ ವಿಷಯದಲ್ಲಿ ಚರ್ಚೆಗೆ ಬರವಿಲ್ಲ. 2007ರಲ್ಲಿ ರಚಿತವಾದ ರಾಮನಗರ ಜಿಲ್ಲೆಯು 2025ರಲ್ಲಿ ಬೆಂಗಳೂರು ದಕ್ಷಿಣವಾದಾಗ ಪರವಿರೋಧವಾಗಿ ಸಾಕಷ್ಟು ಮಾತು ನಡೆಯಿತು. ಆದರೆ ನಗರವು ಹಬ್ಬಿದಂತೆ ಒಂದು ಕುಂಟೆಯ, ಒಂದು ಕಟ್ಟೆಯ ಹೆಸರು ಬಡಾವಣೆಯ ಹೆಸರಿನಡಿ ಹೂತುಹೋದರೆ ಕೇಳುವವರಿಲ್ಲ. ನಮಗೆ ಇದೇ ಹೆಚ್ಚಿನ ನಷ್ಟವೆಂದು ತೋರುತ್ತದೆ. ಕೆರೆಯ ಹೆಸರೆಂದರೆ ಮಳೆಯ ನೀರು ಎಲ್ಲಿ ಕೂಡುತ್ತದೆಂಬುದರ ಬಗೆಗೆ ತಲೆಮಾರುಗಳ ಜನರು ಬರೆದಿಟ್ಟ ಅವಲೋಕನ. ಕೆರೆಯನ್ನು ಮುಚ್ಚಬಹುದು, ಇಳಿಜಾರನ್ನು ಮುಚ್ಚಲಾಗದು. ಜೋರು ಮಳೆ ಬಂದ ದಿನ ನೀರು ತನ್ನ ಹಳೆಯ ಸ್ಥಳವನ್ನೇ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಯಾವ ಬಡಾವಣೆಗೆ ಒಪ್ಪಿಗೆ ಕೊಡುವ ಮೊದಲೂ ಆ ನೆಲದ ಹಳೆಯ ಹೆಸರನ್ನು ಕಡತದಲ್ಲಿ ಕಡ್ಡಾಯವಾಗಿ ಬರೆಯಬೇಕೆಂದು ನಾವು ಹೇಳುತ್ತೇವೆ.

ವಿದ್ಯಾರ್ಥಿಗಳು ಸರ್ಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಕೆರೆ, ಸಂದ್ರ, ಕಟ್ಟೆ, ಕುಂಟೆಗಳಿಂದ ಮುಗಿಯುವ ಊರುಗಳನ್ನೆಲ್ಲ ಗುರುತಿಸಿರಿ. ಕಂದಾಯ ದಾಖಲೆಯ ಬೇಚಿರಾಕ್ ಗ್ರಾಮಗಳನ್ನೂ ಬಿಡಬೇಡಿರಿ. ಅಲ್ಲಿ ಜನವಿಲ್ಲ, ಹೆಸರಿದೆ. ಹೆಸರಿನಲ್ಲಿ ನೀರಿದ್ದು ನಕ್ಷೆಯಲ್ಲಿ ನೀರಿಲ್ಲದ ಊರಿಗೆ ಸೈಕಲ್ಲಿನಲ್ಲಿ ಹೋಗಿ, ಏರಿ ಎಲ್ಲಿತ್ತೆಂದು ಹಿರಿಯರನ್ನು ವಿಚಾರಿಸಿರಿ. ಹೊಲದ ನಡುವೆ ತೂಬಿನ ಕಲ್ಲುಕಂಬಗಳು ಇನ್ನೂ ನಿಂತಿದ್ದರೆ ಅವುಗಳ ಎತ್ತರವನ್ನು ಅಳೆಯಿರಿ: ಆ ಕೆರೆಯಲ್ಲಿ ಎಷ್ಟು ಆಳ ನೀರು ನಿಲ್ಲುತ್ತಿತ್ತೆಂಬುದು ಅದರಿಂದ ಸುಮಾರಾಗಿ ತಿಳಿಯುತ್ತದೆ.