ಒಂದೂವರೆ ಗಂಟೆಯ ವಿಮಾನದಲ್ಲಿ ತಿಂಡಿ ಬೇಡ, ನೀರು ಕೊಡಿ

ಬಿ.ಪಿ., ಕೊಲೆಸ್ಟ್ರಾಲ್, ಸ್ಟೆಂಟ್ ಹಾಕಿಸಿಕೊಂಡವರ ಊಟ ಎಂದು ಬರೆಯುತ್ತಿದ್ದವನು ಈ ಸಲ ವಿಮಾನದಲ್ಲಿ ತಳ್ಳುಗಾಡಿಯ ಮೇಲೆ ಬರುವ ತಿಂಡಿ ಮತ್ತು ನೀರಿನ ಬಗ್ಗೆ ಬರೆಯುತ್ತಿದ್ದೇನೆ. ಹೃದಯದ ಡಾಕ್ಟರಿಗೆ ಇದರಲ್ಲೇನು ಕೆಲಸ ಅಂತ ಕೆಲವರಿಗೆ ಅನಿಸಬಹುದು. ಹೇಳುತ್ತೇನೆ ಕೇಳಿ.

ಇಲ್ಲಿ ವಿಶಾಖಪಟ್ಟಣದಲ್ಲಿ ನನ್ನ ಹತ್ತಿರ ಬರುವ ಕನ್ನಡದ ಹಿರಿಯರಲ್ಲಿ ಬಹಳ ಜನ ಇಲ್ಲಿನ ವಾಸಿಗಳಲ್ಲ. ಮಗನೋ ಅಳಿಯನೋ ಸ್ಟೀಲ್ ಪ್ಲಾಂಟಿನಲ್ಲಿ, ನೌಕಾಪಡೆಯಲ್ಲಿ ಅಥವಾ ಪರವಾಡದ ಔಷಧ ಕಂಪನಿಗಳಲ್ಲಿ ಇರುತ್ತಾರೆ. ಮನೆ ಪೆಂಡುರ್ತಿ ಕಡೆ ಮಾಡಿರುತ್ತಾರೆ. ಅಪ್ಪ ಅಮ್ಮ ಬೆಂಗಳೂರಿನಿಂದ ವಿಮಾನ ಹತ್ತಿ ಮೊಮ್ಮಕ್ಕಳನ್ನು ನೋಡಲು ಬರುತ್ತಾರೆ. ಬಂದ ಎರಡು ಮೂರು ದಿನದೊಳಗೆ ಕಾಲು ಊತ, ಉಬ್ಬಸ, ತಲೆಸುತ್ತು, ಶುಗರ್ ಏರುಪೇರು ಎಂದು ಕರೆದುಕೊಂಡು ಬರುತ್ತಾರೆ. "ಹವಾ ಬದಲಾಯಿತಲ್ಲ ಸಾರ್, ಅದಕ್ಕೇ" ಅನ್ನುತ್ತಾರೆ ಮಕ್ಕಳು. ಸಮುದ್ರದ ಊರು, ಸೆಕೆ ಇದೆ, ಒಪ್ಪುತ್ತೇನೆ. ಆದರೆ ಹೊರಟ ದಿನ ಏನೇನಾಯಿತು ಎಂದು ಕೇಳುತ್ತಾ ಹೋದರೆ ಬೇರೆಯೇ ಕಥೆ ಬಿಚ್ಚಿಕೊಳ್ಳುತ್ತದೆ.

ಬೆಂಗಳೂರಿನಿಂದ ವಿಶಾಖಪಟ್ಟಣಕ್ಕೆ ಹಾರಾಟ ಸುಮಾರು ಒಂದೂವರೆ ಗಂಟೆ. ವಿಜಯವಾಡದ ಗನ್ನವರಂಗೆ ಅದಕ್ಕಿಂತಲೂ ಕಡಿಮೆ. ಅಷ್ಟೇ ತಾನೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಮ್ಮ ತಂದೆಯವರ ಲೆಕ್ಕದಲ್ಲಿ ನೋಡಿ. ಮನೆ ಜಯನಗರದಲ್ಲೋ ಬನಶಂಕರಿಯಲ್ಲೋ ಇದ್ದರೆ ದೇವನಹಳ್ಳಿ ತಲುಪಲು ಎರಡು ಗಂಟೆ. ಎರಡು ಗಂಟೆ ಮೊದಲೇ ಅಲ್ಲಿರಬೇಕು. ಆಮೇಲೆ ಹಾರಾಟ, ಲಗೇಜಿಗೆ ಕಾಯುವುದು, ಎನ್‌ಎಡಿ ಜಂಕ್ಷನ್, ಗೋಪಾಲಪಟ್ಟಣ, ವೇಪಗುಂಟ ದಾಟಿ ಪೆಂಡುರ್ತಿ. ಮನೆಯಿಂದ ಮನೆಗೆ ಏಳು ಗಂಟೆ. ಹಾಸನ, ಶಿವಮೊಗ್ಗದಿಂದ ಹೊರಟವರಾದರೆ ಹಿಂದಿನ ರಾತ್ರಿಯಿಂದಲೇ ಶುರು. ಈ ಏಳು ಗಂಟೆಯಲ್ಲಿ ಅವರು ಕುಡಿದ ನೀರು ಎಷ್ಟು ಎಂದು ಕೇಳಿ ನೋಡಿ. "ಒಂದು ಲೋಟ ಕಾಫಿ ಕುಡಿದಿದ್ದೆ" ಅನ್ನುತ್ತಾರೆ.

ಕುಡಿಯದೆ ಇರುವುದು ಮರೆವಿನಿಂದ ಅಲ್ಲ, ಬೇಕೆಂದೇ. ಮೂತ್ರಕ್ಕೆ ಏಳಬೇಕಾಗುತ್ತದೆ, ಪಕ್ಕದ ಇಬ್ಬರನ್ನು ಎಬ್ಬಿಸಬೇಕು, ಆ ಸಣ್ಣ ಬಾಗಿಲು ತೆಗೆಯಲು ಗೊತ್ತಾಗುವುದಿಲ್ಲ, ವೀಲ್‌ಚೇರಿನಲ್ಲಿ ಬಂದವರಿಗೆ ಇನ್ನೂ ಸಂಕೋಚ. ಅದಕ್ಕಾಗಿ ನೀರು ಬಿಡುತ್ತಾರೆ. ಇದಕ್ಕಿಂತ ಅಪಾಯದ ಕೆಲಸವೆಂದರೆ ನೀರಿನ ಮಾತ್ರೆಯನ್ನೂ ಬಿಡುವುದು. ಹೃದಯದ ಪಂಪಿಂಗ್ ಕಡಿಮೆ ಇರುವವರಿಗೆ, ಕಾಲು ಊದುವವರಿಗೆ ಮೂತ್ರ ಹೋಗಲೆಂದು ನಾವು ಬೆಳಗಿನ ಹೊತ್ತಿಗೆ ಕೊಡುವ ಮಾತ್ರೆ ಇದೆಯಲ್ಲ, ಅದು. ಹೊರಟ ದಿನ ತಪ್ಪಿಸುತ್ತಾರೆ, ಬಂದ ಸಂಭ್ರಮದಲ್ಲಿ ಮರುದಿನವೂ ತಪ್ಪುತ್ತದೆ. ಅದರ ಮೇಲೆ ಇಲ್ಲಿಯ ಊಟ. ಆವಕಾಯಿ, ಗೋಂಗೂರ, ಅಪ್ಪಡಾಲು. ಸೊಸೆ ಪ್ರೀತಿಯಿಂದ ಬಡಿಸುತ್ತಾಳೆ. ಮೂರನೆಯ ದಿನ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂರುತ್ತಾರೆ. ಇಂಥವರನ್ನು ನಾನು ವರ್ಷದಲ್ಲಿ ಹಲವು ಸಲ ನೋಡುತ್ತೇನೆ. ಕಥೆ ಬಹುಮಟ್ಟಿಗೆ ಇದೇ.

ಈಗ ತಳ್ಳುಗಾಡಿಗೆ ಬರೋಣ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ: ಎರಡು ಗಂಟೆಯೊಳಗಿನ ಹಾರಾಟದಲ್ಲಿ ತಿಂಡಿ ಮಾರುವ ಅಗತ್ಯವೇ ಇಲ್ಲ. ಆದರೆ ಪ್ರತಿಯೊಬ್ಬ ಪ್ರಯಾಣಿಕನಿಗೂ, ಕೇಳದೆಯೇ, ಕುಡಿಯುವ ನೀರು ಕೈಗೆ ಕೊಡಬೇಕು. ಇಂದು ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು. ಹಲವು ವಿಮಾನಗಳಲ್ಲಿ ತಿಂಡಿಯ ಪಟ್ಟಿ ಸೀಟಿನ ಮುಂದೆಯೇ ಇರುತ್ತದೆ. ನೀರು ಬೇಕಾದರೆ ಮಾತ್ರ ಕೇಳಬೇಕು. ಕೇಳಿದರೆ ಕೊಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಎಪ್ಪತ್ತು ದಾಟಿದ, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದ ನಮ್ಮ ಅಮ್ಮ ಗಗನಸಖಿಯನ್ನು ಕರೆದು ನೀರು ಕೇಳುತ್ತಾರೆಯೇ? ಗಾಡಿ ಬಂದಾಗ ಅದಕ್ಕೂ ದುಡ್ಡು ಕೊಡಬೇಕೇನೋ ಎಂದು ಹೆದರಿ "ಬೇಡಮ್ಮ" ಎಂದು ಕೈ ಆಡಿಸಿಬಿಡುತ್ತಾರೆ.

ತಿಂಡಿಗೆ ದುಡ್ಡು ಕೊಡುವ ಪದ್ಧತಿಯನ್ನು ನಮ್ಮ ದೇಶಕ್ಕೆ ತಂದದ್ದು ನಮ್ಮವರೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರಿನಿಂದ ಹಾರಾಟ ಆರಂಭಿಸಿದಾಗ ಅವರ ಲೆಕ್ಕ ಸರಳವಾಗಿತ್ತು. ಟಿಕೆಟ್ಟಿನ ದುಡ್ಡು ಸೀಟಿಗೆ ಮಾತ್ರ, ತಿನ್ನುವುದು ಬೇಕಾದವರು ಕೊಂಡುಕೊಳ್ಳಿ. ಅದರಿಂದಲೇ ಸಾಮಾನ್ಯರೂ ವಿಮಾನ ಹತ್ತುವಂತಾಯಿತು. ಆ ಆಲೋಚನೆಯನ್ನು ನಾನು ಮೆಚ್ಚುತ್ತೇನೆ. ಪ್ರಶಾಂತಿ ಎಕ್ಸ್‌ಪ್ರೆಸ್‌ನಲ್ಲಿ ಧರ್ಮಾವರ, ಗುಂತಕಲ್ಲು, ಗುಂಟೂರು, ವಿಜಯವಾಡ ಎಂದು ಹಗಲೂ ರಾತ್ರಿ ಕೂತು ಬರುತ್ತಿದ್ದ ಅಪ್ಪ ಅಮ್ಮ ಇವತ್ತು ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಪೆಂಡುರ್ತಿಯಲ್ಲಿ ಇರುತ್ತಾರೆ ಎಂದರೆ ಅದಕ್ಕೆ ಆ ಅಗ್ಗದ ಟಿಕೆಟ್ಟೇ ಕಾರಣ. ಹಾಗಾಗಿ ಉಚಿತ ಊಟ ವಾಪಸು ತನ್ನಿ ಎಂದು ನಾನು ಕೇಳುತ್ತಿಲ್ಲ.

ತಿಂಡಿಯಿಲ್ಲದೆ ಹಾರಬಹುದೆಂದು ನಾವು ನೋಡಿಯೂ ಆಗಿದೆ. ಕೋವಿಡ್ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ 15ರಿಂದ, ಎರಡು ಗಂಟೆಗಿಂತ ಕಡಿಮೆ ಅವಧಿಯ ದೇಶೀಯ ಹಾರಾಟಗಳಲ್ಲಿ ಊಟ-ತಿಂಡಿ ಕೊಡಬಾರದೆಂದು ಕೇಂದ್ರ ವಿಮಾನಯಾನ ಸಚಿವಾಲಯ ಆದೇಶ ಮಾಡಿತ್ತು. ನವೆಂಬರ್ ಮಧ್ಯದವರೆಗೆ ಅದು ಜಾರಿಯಲ್ಲಿತ್ತು. ನಮ್ಮ ಬೆಂಗಳೂರು–ವೈಜಾಗ್, ಬೆಂಗಳೂರು–ವಿಜಯವಾಡ ಎರಡೂ ಅದರೊಳಗೇ ಬಂದವು. ಏಳು ತಿಂಗಳು ನಾವೆಲ್ಲ ಹಾಗೆಯೇ ಓಡಾಡಿದೆವು. ಕಾರಣ ಸೋಂಕು, ಆರೋಗ್ಯದ ಊಟವಲ್ಲ, ಗೊತ್ತು. ಆದರೂ ಆ ನಿಯಮದ ಅರ್ಧ ಭಾಗವನ್ನು ಉಳಿಸಿಕೊಳ್ಳಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಯಾಕೆಂದರೆ ಆ ತಿಂಡಿಯಲ್ಲಿರುವುದು ಉಪ್ಪು. ಬಿಸಿನೀರು ಹಾಕಿ ಮುಚ್ಚಿಟ್ಟರೆ ಆಗುವ ಉಪ್ಪಿಟ್ಟು, ಅವಲಕ್ಕಿ, ನೂಡಲ್ಸ್, ಉಪ್ಪು ಹಚ್ಚಿದ ಗೋಡಂಬಿ, ಮಸಾಲೆ ಕಡಲೆ. 2024ರ ಏಪ್ರಿಲ್‌ನಲ್ಲಿ ಫುಡ್ ಫಾರ್ಮರ್ ಎಂಬ ಹೆಸರಿನಲ್ಲಿ ವಿಡಿಯೊ ಮಾಡುವ ರೇವಂತ್ ಹಿಮತ್‌ಸಿಂಗ್ಕಾ ಅವರು ಇಂಡಿಗೋ ವಿಮಾನದ ಉಪ್ಪಿಟ್ಟಿನಲ್ಲಿ ಮ್ಯಾಗಿಗಿಂತ ಅರ್ಧದಷ್ಟು ಹೆಚ್ಚು ಸೋಡಿಯಂ ಇದೆ, ಅವಲಕ್ಕಿಯಲ್ಲಿ ಇನ್ನೂ ಹೆಚ್ಚಿದೆ ಎಂದು ಹೇಳಿದ್ದು ನಿಮ್ಮಲ್ಲಿ ಹಲವರ ಗುಂಪುಗಳಿಗೂ ಬಂದಿರಬೇಕು. ಸಾಂಪ್ರದಾಯಿಕ ಪಾಕಕ್ಕೆ ತಕ್ಕಷ್ಟೇ ಉಪ್ಪು ಇದೆ ಎಂದು ಸಂಸ್ಥೆ ಉತ್ತರ ಕೊಟ್ಟಿತು. ಒಂದು ಸಂಸ್ಥೆಯನ್ನೇ ಹಿಡಿದು ಜಗ್ಗುವುದು ನನ್ನ ಉದ್ದೇಶವಲ್ಲ. ಹಾಗೆ ಕಟ್ಟಿಡುವ ಆಹಾರ ಯಾರೇ ಮಾರಿದರೂ ಉಪ್ಪು ಜಾಸ್ತಿಯೇ ಇರುತ್ತದೆ. ನಾಲಗೆಯ ಕಾರಣವೂ ಇದೆ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಲುಫ್ಥಾನ್ಸಾ ವಿಮಾನ ಕಂಪನಿಗಾಗಿ ಮಾಡಿದ ಪರೀಕ್ಷೆಯಲ್ಲಿ, ವಿಮಾನದೊಳಗಿನ ಕಡಿಮೆ ಒತ್ತಡ ಮತ್ತು ಒಣ ಗಾಳಿಯಲ್ಲಿ ಉಪ್ಪು ಮತ್ತು ಸಿಹಿಯ ರುಚಿ ನಮಗೆ ಮಂಕಾಗಿ ಗೊತ್ತಾಗುತ್ತದೆ ಎಂದು ಕಂಡುಬಂತು. ಮೇಲೆ ಸಪ್ಪೆ ಎನಿಸಿದ್ದು ಕೆಳಗೆ ಸರಿಯಾಗಿಯೇ ಇರುತ್ತದೆ. ಅದಕ್ಕೇ ಮೇಲೆ ಬಡಿಸುವುದಕ್ಕೆ ಉಪ್ಪು ಜಾಸ್ತಿ ಹಾಕುವ ಅಭ್ಯಾಸ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ. ಒಂದು ಟೀ ಚಮಚಕ್ಕೂ ಸ್ವಲ್ಪ ಕಮ್ಮಿ, ಬೆಳಗಿನ ಇಡ್ಲಿ ಸಾಂಬಾರಿನಿಂದ ರಾತ್ರಿಯ ಮಜ್ಜಿಗೆಯವರೆಗೆ ಎಲ್ಲ ಸೇರಿ. ನೀರು ಬಿಟ್ಟು, ಮಾತ್ರೆ ಬಿಟ್ಟು, ಆ ದಿನವೇ ಇಂಥ ಒಂದು ಡಬ್ಬಿ ತಿಂದರೆ ಪಂಪಿಂಗ್ ಕಡಿಮೆ ಇರುವ ಹೃದಯಕ್ಕೆ ಅದು ಭಾರ. ನಿಮಗೆ ನಲವತ್ತು ವರ್ಷ, ಬಿ.ಪಿ. ಇಲ್ಲ ಎಂದರೆ ಒಂದು ದಿನ ತಿಂದು ಸಾಯುವುದಿಲ್ಲ. ನಾನು ಹೇಳುತ್ತಿರುವುದು ಪಕ್ಕದ ಸೀಟಿನಲ್ಲಿ ಕೂತ ನಿಮ್ಮ ಅಪ್ಪನ ಬಗ್ಗೆ.

ಇನ್ನೊಂದು ವಿಷಯ, ಬಡಿಸುವ ಹೊತ್ತು. ಗನ್ನವರಂಗೆ ಹೋಗುವ ಹಾರಾಟದಲ್ಲಿ ಮೇಲೇರುವುದು, ಇಳಿಯುವುದು ಕಳೆದರೆ ಗಾಡಿ ಓಡಾಡಲು ಸಿಗುವುದು ಅರ್ಧ ಗಂಟೆಯಿಂದ ನಲವತ್ತು ನಿಮಿಷ. ಸುಮಾರು 180 ಜನರಿಗೆ ನಾಲ್ಕು ಮಂದಿ. ಮಳೆಗಾಲದಲ್ಲಿ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದಾಗ, ವಿಮಾನ ಎಷ್ಟು ಅಲುಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಅವಸರದಲ್ಲಿ ಕುದಿನೀರಿನ ಕಪ್ಪುಗಳು ತೊಡೆಯ ಮೇಲಿಂದ ಕೈಯಿಂದ ಕೈಗೆ ಹೋಗುತ್ತವೆ. ಆ ಮಕ್ಕಳ ಹೊತ್ತನ್ನು ಉಪ್ಪಿಟ್ಟು ಮಾರುವುದಕ್ಕೆ ಬಳಸುವ ಬದಲು ಎಲ್ಲರಿಗೂ ಒಂದು ಸಣ್ಣ ಬಾಟಲಿ ನೀರು ಹಂಚಲು, ಯಾರಾದರೂ ಬೆವರುತ್ತಿದ್ದಾರೆಯೇ, ಮುಖ ಬಿಳಿಚಿಕೊಂಡಿದೆಯೇ ಎಂದು ನೋಡಲು ಬಳಸಿದರೆ ಎಷ್ಟೋ ಒಳ್ಳೆಯದು.

ಇದು ಊಹೆಯ ಮಾತಲ್ಲ. 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ದೊಡ್ಡ ಅಧ್ಯಯನವೊಂದು ಐದು ವಿಮಾನ ಸಂಸ್ಥೆಗಳ ತುರ್ತು ಕರೆಗಳನ್ನು ಲೆಕ್ಕ ಹಾಕಿತು. 604 ಹಾರಾಟಕ್ಕೆ ಒಂದರಂತೆ ಆರೋಗ್ಯದ ತುರ್ತು ಸ್ಥಿತಿ. ಅದರಲ್ಲಿ ಶೇ. 37ರಷ್ಟು ತಲೆಸುತ್ತಿ ಬೀಳುವುದು ಅಥವಾ ಬೀಳುವಂತಾಗುವುದು. ಹೃದಯದ ತೊಂದರೆ ಶೇ. 8ರ ಆಸುಪಾಸು. ತಲೆಸುತ್ತಿನ ಹಿಂದೆ ಕಾರಣ ಹಲವು ಇರಬಹುದು, ಆದರೆ ಖಾಲಿ ಹೊಟ್ಟೆ, ನೀರಿಲ್ಲದ ಮೈ, ಬಿ.ಪಿ. ಮಾತ್ರೆ, ಒಂದೇ ಸಮನೆ ಕೂತು ತಟ್ಟನೆ ಏಳುವುದು ಇವಿಷ್ಟು ಸೇರಿದರೆ ಸಾಕು. ಮೇಲೆ ವಿಮಾನದೊಳಗಿನ ಗಾಳಿಯ ಒತ್ತಡ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ನಿಂತಷ್ಟು ಕಡಿಮೆ ಆಗಬಹುದು. ಊಟಿಗಿಂತಲೂ ಎತ್ತರ. ಆಮ್ಲಜನಕ ಸ್ವಲ್ಪ ಇಳಿಯುತ್ತದೆ. ಸ್ಥಿರವಾಗಿರುವ ಹೃದ್ರೋಗಿಗಳು ಅದನ್ನು ತಡೆದುಕೊಳ್ಳುತ್ತಾರೆ, ಹೆದರಬೇಡಿ.

ಅದೇ ಒತ್ತಡದ ಕಾರಣಕ್ಕೆ ಹೊಟ್ಟೆಯೊಳಗಿನ ಗಾಳಿ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. ಅದರ ಮೇಲೆ ತಂಪು ಪಾನೀಯದ ಕ್ಯಾನ್ ಕುಡಿದರೆ ಎದೆ ಬಿಗಿಯುತ್ತದೆ. ಒಂದು ಕ್ಯಾನಿನಲ್ಲಿ ಆರೇಳು ಚಮಚ ಸಕ್ಕರೆಯೂ ಇರುತ್ತದೆ. ಇಲ್ಲಿ ನನಗೆ ಭಯವಾಗುವುದು ಗ್ಯಾಸಿನದ್ದಲ್ಲ. ನಿಜವಾದ ಎದೆನೋವು ಬಂದಾಗಲೂ "ಗ್ಯಾಸ್ ಇರಬೇಕು" ಎಂದು ಸೋಡಾ ಕೇಳಿ ಕುಡಿದು ಸುಮ್ಮನೆ ಕೂರುತ್ತಾರಲ್ಲ, ಅದು. ಎದೆಯ ಮೇಲೆ ಭಾರ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಇದ್ದರೆ ತಲೆಯ ಮೇಲಿನ ಗುಂಡಿ ಒತ್ತಿ ಎಂದು ಹೊರಡುವ ಮೊದಲೇ ಅವರಿಗೆ ತೋರಿಸಿ ಹೇಳಿಕೊಡಿ.

ತಿಂಡಿ ಬೇಡ ಎಂದರೆ ಶುಗರ್ ಇರುವವರು ಏನು ಮಾಡಬೇಕು ಎಂದು ಕೇಳುತ್ತೀರಿ, ಸರಿಯಾದ ಪ್ರಶ್ನೆ. ಬೆಳಿಗ್ಗೆ ಐದಕ್ಕೆ ಗ್ಲಿಮಿಪಿರೈಡ್ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಏನೂ ತಿನ್ನದೆ ಟ್ಯಾಕ್ಸಿ ಹತ್ತಿದವರಿಗೆ ಒಂಬತ್ತರ ಹೊತ್ತಿಗೆ ಶುಗರ್ ಕೆಳಗಿಳಿಯುತ್ತದೆ. ಅವರು ಗಾಡಿಯನ್ನು ನಂಬಿಕೊಂಡು ಹೊರಡಲೇಬಾರದು. ಗಾಡಿ ಅವರ ಸಾಲಿಗೆ ಬರುವಷ್ಟರಲ್ಲಿ ವಿಮಾನ ಇಳಿಯಲು ಶುರುಮಾಡಿರುತ್ತದೆ. ಚೀಲದಲ್ಲಿ ಎರಡು ಚಪಾತಿ ಒಣ ಪಲ್ಯ, ಒಂದು ಬಾಳೆಹಣ್ಣು, ಉಪ್ಪಿಲ್ಲದ ಹುರಿದ ಶೇಂಗಾ ಇರಲಿ. ಶುಗರ್ ಇಳಿದರೆ ಬಾಯಿಗೆ ಹಾಕಿಕೊಳ್ಳಲು ನಾಲ್ಕು ಚಮಚ ಸಕ್ಕರೆಯ ಪೊಟ್ಟಣ. ಇವನ್ನು ಸೆಕ್ಯುರಿಟಿಯಲ್ಲಿ ತಡೆಯುವುದಿಲ್ಲ, ಉಪ್ಪಿನಕಾಯಿ ಬಾಟಲಿಯನ್ನು ತಡೆಯುವುದುಂಟು, ಅದಕ್ಕೆ ನನಗೇನೂ ಬೇಸರವಿಲ್ಲ. ಕೋಡುಬಳೆ, ನಿಪ್ಪಟ್ಟು ಮೊಮ್ಮಕ್ಕಳಿಗೆಂದು ತಂದದ್ದು, ದಾರಿಯಲ್ಲಿ ಅಜ್ಜನ ಕೈಗೆ ಕೊಡಬೇಡಿ. ಖಾಲಿ ಬಾಟಲಿ ಒಯ್ದರೆ ತಪಾಸಣೆ ಆದ ಮೇಲೆ ನಿಲ್ದಾಣದಲ್ಲೇ ನೀರು ತುಂಬಿಸಿಕೊಳ್ಳಬಹುದು. ಕೋಲ್ಕತ್ತಾ, ಚೆನ್ನೈ ನಿಲ್ದಾಣಗಳಲ್ಲಿ ಉಡಾನ್ ಯಾತ್ರಿ ಕೆಫೆ ಎಂದು 10 ರೂಪಾಯಿಗೆ ಚಹಾ, 10 ರೂಪಾಯಿಗೆ ನೀರು ಕೊಡುವ ಅಂಗಡಿ ತೆರೆದಿದ್ದಾರೆ. ಅಂಥದ್ದು ಎಲ್ಲ ನಿಲ್ದಾಣಗಳಿಗೂ ಬರಬೇಕು. ಸಮೋಸಾ ಬಿಟ್ಟು.

ವಿಮಾನ ತಡವಾದರೆ ಮಾತ್ರ ಸುಮ್ಮನಿರಬೇಡಿ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ, ಸಮಯಕ್ಕೆ ಚೆಕ್-ಇನ್ ಮಾಡಿದವರಿಗೆ ಊಟ-ಪಾನೀಯ ಕೊಡಬೇಕೆಂಬುದು ಡಿಜಿಸಿಎ ನಿಯಮ. ಕೌಂಟರಿನಲ್ಲಿ ಕೇಳಿ ಪಡೆಯಿರಿ. ನೀವು ಇಲ್ಲಿಂದ ಫೋನಿನಲ್ಲಿ "ಅಮ್ಮ, ಕೇಳಿ ತಗೊಳಮ್ಮ" ಎಂದು ಹೇಳಿದರೂ ಅವರು ಕೇಳುವುದಿಲ್ಲ. ಸಾಧ್ಯವಾದರೆ ಪಕ್ಕದಲ್ಲಿರುವವರ ಕೈಗೆ ಫೋನ್ ಕೊಡಿಸಿ ನೀವೇ ಮಾತಾಡಿ.

ವಿಮಾನ ಸಂಸ್ಥೆಗಳಿಂದ ನಾನು ಬಯಸುವುದು ಎರಡೇ. ಎಲ್ಲರ ಕೈಗೂ ನೀರು, ಮತ್ತು ತಿಂಡಿಯ ಪಟ್ಟಿಯಲ್ಲಿ ಬೆಲೆಯ ಪಕ್ಕದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಸೋಡಿಯಂ ಎಷ್ಟು ಎಂಬುದು. ಪ್ರಯಾಣ ಮುಗಿದ ಮೇಲೆ ಅಭಿಪ್ರಾಯ ಕೇಳಿ ಅವರು ಸಂದೇಶ ಕಳಿಸುತ್ತಾರಲ್ಲ, ಅದರಲ್ಲಿ ಈ ಎರಡು ಸಾಲು ಬರೆಯಿರಿ. ನಾನು ಪ್ರತಿ ಸಲ ಬರೆಯುತ್ತೇನೆ.

ಮುಂದಿನ ಸಲ ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವಾಗ ನಡುದಾರಿಯ ಪಕ್ಕದ ಸೀಟನ್ನೇ ದುಡ್ಡು ಕೊಟ್ಟು ಹಿಡಿಯಿರಿ, ಶೌಚಾಲಯಕ್ಕೆ ಹತ್ತಿರ. ಏಳಲು ಯಾರನ್ನೂ ಎಬ್ಬಿಸಬೇಕಿಲ್ಲ ಎಂದು ಗೊತ್ತಾದರೆ ಅವರು ನೀರು ಕುಡಿಯುತ್ತಾರೆ. ಹಾರಾಟ ಬೆಳಗಿನದಾದರೆ ನೀರಿನ ಮಾತ್ರೆಯನ್ನು ಬಿಡದೆ ಮನೆ ತಲುಪಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ಅವರ ಡಾಕ್ಟರಿಗೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ದಿನಕ್ಕೆ ಇಷ್ಟೇ ನೀರು ಎಂದು ಮಿತಿ ಹಾಕಿಸಿಕೊಂಡವರು ಅದೇ ಮಿತಿಯೊಳಗೆ ಗುಟುಕು ಗುಟುಕಾಗಿ ಕುಡಿಯಲಿ. ಉಳಿದ ಎಲ್ಲ ಮಾತ್ರೆಗಳೂ ಕೈಚೀಲದಲ್ಲೇ ಇರಲಿ, ಲಗೇಜಿನಲ್ಲಿ ಹಾಕಬೇಡಿ.